ಪದವು ಪಾಳುಭೂಮಿಯಲ್ಲ



ಪೇಟೆಯ ಕಸಕ್ಕೆ ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದು ಪದವಿನ ಮೇಲೆ. ಬಂಟ್ವಾಳ ಪುರಸಭೆ ತನ್ನ ತ್ಯಾಜ್ಯ ಘಟಕಕ್ಕೆ ಆರಿಸಿದ್ದೂ ಸಜಿಪನಡು ಗ್ರಾಮದ ಕಂಚಿನಡ್ಕಪದವನ್ನೇ. ಗ್ರಾಮಸ್ಥರು ವಿರೋಧಿಸಿದರು. ಮುಳಿಹುಲ್ಲು ಬೆಳೆಯುವ ಜಾಗಕ್ಕೆ ಇಷ್ಟೇಕೆ ಗಲಾಟೆ ಎಂದು ಪೇಟೆಯವರಿಗೆ ಅನಿಸೀತು.

ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ನೀರನ್ನು ನೋಡಿ. ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ಮೂರು. ಪದವಿನ ಮುರಕಲ್ಲು ತೂತುತೂತಾದದ್ದು. ಆಟಿಯ ಮಳೆ ಅದರೊಳಗೆ ಇಳಿದು ಕೆಳಗಿನ ಬಾವಿ, ತೋಟಗಳಿಗೆ ಒಸರುತ್ತದೆ. ಮೇಲೆ ಕೊಳೆಯುವ ಕಸದ ರಸಕ್ಕೂ ಅದೇ ದಾರಿ.

ಇದು ಬರಿಯ ಹೆದರಿಕೆಯಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು. ಕುಟುಂಬಗಳು ಮನೆ ಬಿಟ್ಟವು. ಕೊಳೆನೀರು ಫಲ್ಗುಣಿಗೂ ಸೇರಿತು. ವೇಣೂರು, ಪೊಳಲಿಯ ಪಕ್ಕದಲ್ಲೇ ಹರಿದುಹೋಗುವ ಹೊಳೆ ಅದು.

ಹಾಗೆಂದು ಘಟಕ ಬೇಡವೆನ್ನಲಾಗದು. ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಲು 2016ರ ನಿಯಮಗಳೇ ಹೇಳಿದ್ದವು. ಬೆರಕೆ ಕಸ ಲಾರಿ ಹತ್ತಿದರೆ ಅದು ಗೊಬ್ಬರವಾಗದೆ ರಾಶಿಯಾಗುತ್ತದೆ. ಇನ್ನೊಂದು ಮಾತು: ಪದವಿನ ಕೆಳಗಿನ ಬಾವಿಗಳ ನೀರನ್ನು ಮಳೆಗಾಲದ ಮೊದಲೂ ನಂತರವೂ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಲಿ.