ಓದದೆ ನೀಡುವ ತೀರ್ಪು

(ಪಟ್ಟಣದ ವಾಚನಾಲಯವೊಂದರಲ್ಲಿ ಏರ್ಪಡಿಸಲಾಗಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇತ್ತೀಚೆಗೆ ಓದಿದ ಕೆಲವು ಪುಸ್ತಕಗಳ ಕುರಿತು ಅಭಿಪ್ರಾಯ ತಿಳಿಸಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಅದಕ್ಕೆ ಮುನ್ನ ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಎಂಟನೆಯ ತರಗತಿಯಲ್ಲಿ ಕಲಿಯುತ್ತಿರುವ ನನ್ನ ಅಕ್ಕನ ಮಗಳ ಕೈಯಲ್ಲಿ ‘ಹ್ಯಾರಿ ಪಾಟರ್’ ಕಂಡಾಗ, ಇದು ಮಾಟಮಂತ್ರದ ಪುಸ್ತಕ, ನಮ್ಮ ಮನೆಗೆ ಸಲ್ಲದು ಎಂದು ಕಿತ್ತುಕೊಂಡೆ. ಹುಡುಗಿ ಅಳಲಿಲ್ಲ. “ಮಾಮಾ, ನೀವು ಇದನ್ನು ಓದಿದ್ದೀರಾ?” ಎಂದಷ್ಟೇ ಕೇಳಿದಳು. ನಾನು ಓದಿರಲಿಲ್ಲ. ಸಾಕ್ಷ್ಯವಿಲ್ಲದೆ ತೀರ್ಪು ನೀಡಬಾರದೆಂದು ಮದ್ರಸದ ಬೆಂಚಿನಲ್ಲಿ ವರ್ಷಗಟ್ಟಲೆ ಕಲಿತವನಿಗೆ ಆ ಪ್ರಶ್ನೆ ನಾಚಿಕೆ ತರಿಸಿತು.

ಆದ್ದರಿಂದ ಓದಿದೆ. 1997ರಿಂದ 2007ರವರೆಗೆ ಪ್ರಕಟವಾದ ಏಳು ಸಂಪುಟಗಳು. ಮಾಟ ಅಲ್ಲಿ ಕಥೆಯ ಉಡುಪು ಮಾತ್ರ. ಒಳಗಿರುವುದು ರಕ್ತದ ಅಹಂಕಾರದ ವಿಚಾರ. ಮಾಂತ್ರಿಕ ಕುಲದಲ್ಲಿ ಹುಟ್ಟಿದವರೇ ಶ್ರೇಷ್ಠರು, ಸಾಮಾನ್ಯ ತಂದೆತಾಯಿಗೆ ಹುಟ್ಟಿದವರು ಕೀಳು ಎನ್ನುವವರು ಕೊನೆಯ ಸಂಪುಟದಲ್ಲಿ ಆಡಳಿತವನ್ನೇ ಹಿಡಿಯುತ್ತಾರೆ. ‘ಕೀಳು’ ಜನರನ್ನು ನೋಂದಾಯಿಸಿ ವಿಚಾರಣೆಗೆ ಗುರಿಪಡಿಸುತ್ತಾರೆ. ಇದನ್ನು ಓದಿದ ಮಗು ಜಾದೂ ಕಲಿಯುವುದಕ್ಕಿಂತ ಅನ್ಯಾಯವನ್ನು ಗುರುತಿಸಲು ಕಲಿಯುವ ಸಾಧ್ಯತೆಯೇ ಹೆಚ್ಚು. ದೋಷಗಳೂ ಇವೆ. ಐದನೆಯ ಸಂಪುಟ ಅನಗತ್ಯವಾಗಿ ಉದ್ದವಾಗಿದೆ. ಜೀತಕ್ಕೆ ಬಿದ್ದ ಎಲ್ಫ್‌ಗಳ ಪರವಾಗಿ ಹರ್ಮಯೋನಿ ದನಿಯೆತ್ತಿದಾಗ ಗೆಳೆಯರೇ ಅವಳನ್ನು ಗೇಲಿ ಮಾಡುತ್ತಾರೆ. ಅವಳ ಪ್ರಶ್ನೆಗೆ ಲೇಖಕಿ ಕೊನೆಗೂ ಪೂರ್ಣ ಉತ್ತರ ನೀಡುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಅರ್ಸುಲಾ ಲೆ ಗ್ವಿನ್ ಅವರ ‘ಅರ್ಥ್‌ಸೀ’ ಮಾಲೆ. ಇದರ ಮೊದಲ ಕೃತಿ ಬಂದದ್ದು 1968ರಲ್ಲಿ. ನಾಯಕ ಗೆಡ್ ಕಂದು ಬಣ್ಣದ ಹುಡುಗ. ಸಹಪಾಠಿಯ ಮುಂದೆ ಜಂಭ ತೋರಿಸಲು ಹೋಗಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಬಹುಕಾಲ ಅದರಿಂದ ಓಡುತ್ತಾನೆ. ಕೊನೆಗೆ ತಿರುಗಿ ನಿಂತಾಗ, ಆ ನೆರಳಿನ ಹೆಸರು ತನ್ನದೇ ಹೆಸರೆಂದು ಅರಿಯುತ್ತಾನೆ. ನಫ್ಸಿನ ವಿರುದ್ಧದ ಹೋರಾಟದ ಬಗ್ಗೆ ನಾನು ಮಾಡಿದ ಎಷ್ಟೋ ಪ್ರವಚನಗಳಿಗಿಂತ ಈ ಕಥೆ ಹೆಚ್ಚು ನಾಟುತ್ತದೆ. ಆರಂಭದ ಕೃತಿಗಳಲ್ಲಿ ಸ್ತ್ರೀಯರಿಗೆ ತಕ್ಕ ಸ್ಥಾನ ಸಿಕ್ಕಿರಲಿಲ್ಲ. 1990ರ ‘ತೆಹಾನು’ವಿನಲ್ಲಿ ಲೇಖಕಿ ಅದೇ ಲೋಕವನ್ನು ಸ್ತ್ರೀಯೊಬ್ಬಳ ಕಣ್ಣಿನಿಂದ ಮತ್ತೆ ನೋಡಿದರು.

ಇವೆಲ್ಲ ಹೊರಗಿನ ಸರಕು ಎನ್ನುವವರಿಗೆ ಒಂದು ಮಾತು. 1883ರಿಂದ ಲಕ್ನೋದ ನವಲ್ ಕಿಶೋರ್ ಮುದ್ರಣಾಲಯವು ‘ತಿಲಿಸ್ಮೆ ಹೋಶ್‌ರುಬಾ’ವನ್ನು ಉರ್ದುವಿನಲ್ಲಿ ಪ್ರಕಟಿಸಿತು. ಬರೆದವರು ಮುಹಮ್ಮದ್ ಹುಸೈನ್ ಜಾಹ್ ಮತ್ತು ಅಹ್ಮದ್ ಹುಸೈನ್ ಕಮರ್. ಅಮೀರ್ ಹಂಝಾರ ಪಡೆ ಜಾದೂಗಾರರ ಚಕ್ರವರ್ತಿ ಅಫ್ರಾಸಿಯಾಬ್‌ನೊಂದಿಗೆ ಕಾದುವ ಕಥೆಯದು. ಪುಟಪುಟದಲ್ಲೂ ಮಾಯೆ ಇದೆ! ಮಾಟವನ್ನು ನಂಬಿ ಆಚರಿಸುವುದು ಬೇರೆ, ಕಥೆಯೊಳಗಿನ ಮಾಟ ಬೇರೆ ಎಂಬ ವಿವೇಕ ಅದನ್ನು ಓದಿ ಸವಿದ ಹಿರಿಯರಿಗಿತ್ತು. ಮಕ್ಕಳಿಗೆ ಅದನ್ನು ತಿಳಿಸಿಕೊಡುವುದು ನಮ್ಮ ಹೊಣೆ.

ಮಾನ್ಯರೇ, ಓದದೆ ಖಂಡಿಸುವಂತೆಯೇ ಓದದೆ ಉಲ್ಲೇಖಿಸುವ ಚಾಳಿಯೂ ನಮ್ಮಲ್ಲಿದೆ. 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ಸಾಚಾರ್ ವರದಿಯನ್ನು ನಾನೂ ಅನೇಕ ವೇದಿಕೆಗಳಲ್ಲಿ ಹೆಸರಿಸಿದ್ದೆ. ಮೊದಲಿನಿಂದ ಕೊನೆಯವರೆಗೆ ಓದಿದ್ದು ಈ ವರ್ಷವೇ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಕಾಲಿಕ ಮದ್ರಸಗಳಿಗೆ ಹೋಗುವವರು ಶೇ. 3ರಿಂದ 4ರಷ್ಟು ಮಾತ್ರ ಎಂದು ಅದು ಹೇಳುತ್ತದೆ. ಸ್ವತಃ ಮದ್ರಸದಲ್ಲಿ ಕಲಿತ ನಾನು ಈ ಪ್ರಮಾಣ ಬಹಳ ದೊಡ್ಡದೆಂದು ತಿಳಿದು ಅದರ ಆಧಾರದ ಮೇಲೆಯೇ ವಾದಿಸುತ್ತಿದ್ದೆ. ಉಳಿದ ಮಕ್ಕಳು ಕಲಿಯುವ, ಅಥವಾ ಅರ್ಧಕ್ಕೆ ಬಿಡುವ, ಸಾಮಾನ್ಯ ಶಾಲೆಗಳ ಕುರಿತು ನಾನೆಷ್ಟು ಮಾತನಾಡಿದ್ದೆ?

ಇನ್ನೊಂದು ಗ್ರಂಥ, ಬಗ್ದಾದ್‌ನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಭೌತವಿಜ್ಞಾನಿ ಜಿಮ್ ಅಲ್ ಖಲೀಲಿಯವರ ‘ಪಾತ್‌ಫೈಂಡರ್ಸ್’ (2010). ಅಲ್ ಖ್ವಾರಿಝ್ಮಿ, ಇಬ್ನುಲ್ ಹೈಸಮ್, ಅಲ್ ಬಿರೂನಿಯರ ಹೆಸರು ಹೇಳಿ ಹೆಮ್ಮೆಪಡುವುದು ನಮಗೆ ರೂಢಿ. ಆದರೆ ಇಬ್ನುಲ್ ಹೈಸಮ್ ಗ್ರೀಕ್ ಪಂಡಿತ ಟಾಲೆಮಿಯ ಕುರಿತ ಸಂದೇಹಗಳನ್ನೇ ಒಂದು ಗ್ರಂಥವಾಗಿ ಬರೆದರು. ಹಿರಿಯರನ್ನು ಓದಿ, ಪರೀಕ್ಷಿಸಿ, ಪ್ರಶ್ನಿಸುವ ಧೈರ್ಯ ಅವರಲ್ಲಿತ್ತು. ಅದನ್ನು ಬಿಟ್ಟು ಹೆಸರುಗಳನ್ನಷ್ಟೇ ಜಪಿಸಿದರೆ, ಚರಿತ್ರೆಯೂ ನಮ್ಮ ಕೈಯಲ್ಲಿ ಒಂದು ಮಾಯಾಕಥೆಯಾಗುತ್ತದೆ.

ಎಲ್ಲ ಪುಸ್ತಕಗಳನ್ನೂ ಎಲ್ಲ ವಯಸ್ಸಿನವರಿಗೂ ಕೊಡಿ ಎಂದು ನಾನು ಹೇಳುತ್ತಿಲ್ಲ. ಬೇಡವೆನ್ನುವ ಹಕ್ಕು ಪೋಷಕರಿಗಿದೆ. ಆದರೆ ಆ ಹಕ್ಕನ್ನು ಓದಿದ ಬಳಿಕ ಚಲಾಯಿಸೋಣ. ಕಿತ್ತುಕೊಂಡ ಪುಸ್ತಕವನ್ನು ಮಗು ಬೇರೆಡೆ ಓದೀತು. ಆದರೆ ಅದರ ಬಗ್ಗೆ ನಮ್ಮೊಡನೆ ಮಾತನಾಡಲಾರದು.

ನಾನು ಪುಸ್ತಕವನ್ನು ಹಿಂದಿರುಗಿಸಿ ಕ್ಷಮೆ ಕೇಳಿದೆ. ಒಂದು ತಿಂಗಳು ಆಕೆ ನನ್ನೊಡನೆ ಪುಸ್ತಕದ ಮಾತೆತ್ತಲಿಲ್ಲ. ಈಗ ‘ಅರ್ಥ್‌ಸೀ’ ಓದುತ್ತಿದ್ದಾಳೆ. ಕಥೆ ತೀರಾ ನಿಧಾನ ಎಂಬುದು ಅವಳ ದೂರು. ನಾನು ಒಪ್ಪುವುದಿಲ್ಲ. ವಾದ ಇನ್ನೂ ಮುಗಿದಿಲ್ಲ.