ಕಲ್ಯಾಣಕ್ಕೆ ಇಬ್ಬರೇ ಹೋಗಿಬನ್ನಿ

(ಕಲಬುರಗಿಯಲ್ಲಿ ನಿವೃತ್ತ ನೌಕರರು ಹಾಗೂ ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗಂಡ ಹೆಂಡತಿ ಇಬ್ಬರೇ ಎರಡು ದಿನ ಊರು ಬಿಟ್ಟು ಹೋಗಿಬರುವುದು ನಮ್ಮ ಕಡೆ ಹಳೆಯ ರೂಢಿಯಲ್ಲ. ಜಾತ್ರೆಗೆ ಹೊರಟರೆ ಇಡೀ ಮನೆತನವೇ ಬಂಡಿ ಕಟ್ಟುತ್ತಿತ್ತು. ಮದುವೆಗೆ ಹೋದರೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೀಗಾಗಿ ಇಬ್ಬರೇ ಹೋಗುವ ಪ್ರವಾಸ ಎಂಬುದು ಸಿನಿಮಾದಲ್ಲಿ ಕಂಡ ಕನಸಾಗಿಯೇ ಉಳಿಯಿತು. ಆ ಕನಸಿನಲ್ಲಿ ಊಟಿ ಇರುತ್ತದೆ, ಕಾಶ್ಮೀರ ಇರುತ್ತದೆ. ಮಗ್ಗುಲಲ್ಲೇ ಇರುವ ಊರು ಇರುವುದಿಲ್ಲ. ‘ಮಗಳ ಮದುವೆ ಮುಗಿಯಲಿ’, ‘ಮನೆಯ ಸಾಲ ತೀರಲಿ’, ‘ರಿಟೈರ್ ಆದಮೇಲೆ ನೋಡೋಣ’ ಎಂದು ಮುಂದೂಡುತ್ತಲೇ ಬಂದಿರುತ್ತೇವೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟೆ: ಅಷ್ಟು ದೂರ ಹೋಗುವ ಮುನ್ನ ಒಮ್ಮೆ ಬಸವಕಲ್ಯಾಣ ಮತ್ತು ಹುಮನಾಬಾದಿಗೆ ಇಬ್ಬರೇ ಹೋಗಿಬನ್ನಿ. ಏಕೆಂದರೆ ಅದು ದಂಪತಿಗಳು ಕೂಡಿಯೇ ನಡೆದು ಬಂದು, ಒಬ್ಬರನ್ನೊಬ್ಬರು ತಿದ್ದಿಕೊಂಡು ಬಾಳಿದ ನೆಲ.

ಕಾಶ್ಮೀರದ ಮಾತು ಬಂತಲ್ಲ, ಅಲ್ಲಿಂದಲೇ ತೊಡಗೋಣ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿ ಮೋಳಿಗೆ ಮಾರಯ್ಯನ ಹೆಸರಿನ ಗವಿಯಿದೆ. ಮಾರಯ್ಯ ಮೊದಲು ಕಾಶ್ಮೀರದ ಅರಸನಾಗಿದ್ದನೆಂದೂ, ರಾಣಿಯೊಡನೆ ರಾಜ್ಯ ತೊರೆದು 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದನೆಂದೂ ಶರಣರ ಪರಂಪರೆ ಹೇಳುತ್ತದೆ. ಮೋಳಿಗೆ ಎಂದರೆ ಸೌದೆಯ ಹೊರೆ. ಅರಸನಾಗಿದ್ದವನು ಕಾಡಿನಿಂದ ಸೌದೆ ತಂದು ಮಾರಿದ. ರಾಣಿಯಾಗಿದ್ದವಳು ಮಹಾದೇವಿ ಎಂಬ ಹೆಸರಿನಲ್ಲಿ ಆ ಗಳಿಕೆಯಲ್ಲೇ ದಾಸೋಹ ನಡೆಸಿದಳು. ಕಾಶ್ಮೀರದ ಕಥೆಯನ್ನು ಚರಿತ್ರಕಾರರು ಒಪ್ಪಲಿ, ಬಿಡಲಿ, ಇಬ್ಬರ ವಚನಗಳೂ ನಮ್ಮ ಕೈಯಲ್ಲಿವೆ.

ಈ ದಂಪತಿಗಳ ನಡುವೆ ನಡೆದ ಮಾತುಕತೆ ‘ಶೂನ್ಯಸಂಪಾದನೆ’ಯಲ್ಲಿ ಬರುತ್ತದೆ. ಮಾರಯ್ಯನಿಗೆ ಇಲ್ಲಿಯ ಬಾಳು ಸಾಕೆನಿಸಿ ಕೈಲಾಸ ಸೇರುವ ಹಂಬಲ ಹುಟ್ಟುತ್ತದೆ. ಆಗ ಮಹಾದೇವಿ ಸುಮ್ಮನೆ ತಲೆಯಾಡಿಸುವುದಿಲ್ಲ. ಕೈಲಾಸವೆಂಬುದು ಹೋಗಿ ಸೇರುವ ಬೇರೊಂದು ಊರಲ್ಲ, ಇದ್ದಲ್ಲಿಯೇ ಅರಿಯಬೇಕಾದುದು ಎಂದು ಗಂಡನಿಗೆ ತಿಳಿಹೇಳುತ್ತಾಳೆ. ಮಾರಯ್ಯ ಕೇಳುತ್ತಾನೆ. ಹೆಂಡತಿಯ ಮಾತಿನಿಂದ ಗಂಡನಿಗೆ ಅರಿವು ಮೂಡಿತೆಂದು ನಮ್ಮ ಹಿರಿಯರು ಸಂಕೋಚವಿಲ್ಲದೆ ಬರೆದಿಟ್ಟಿದ್ದಾರೆ.

ಇವರಂತೆಯೇ ಬಂದ ಇನ್ನೊಂದು ಜೋಡಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇವರು ರಾಯಚೂರು ಜಿಲ್ಲೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಕೆಳಗೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮ್ಮ ಅಳತೆಗೆ ಮೀರಿದ್ದು ನಮಗೆ ಬೇಡ, ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಗಳಿಸಿ ತಂದದ್ದೇ ದೊಡ್ಡದೆಂದು ತಿಳಿಯುವ ನಮಗೆ ಇದು ನೆನಪಿರಬೇಕು.

ವಚನಗಳ ಅಂಕಿತವನ್ನು ನೋಡಿ. ಮಾರಯ್ಯನದು ‘ಅಮರೇಶ್ವರಲಿಂಗ’, ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಂಕಿತದಲ್ಲಿ ಗಂಡನ ಹೆಸರಿದೆ, ಆದರೆ ಆಡಿದ ಮಾತು ಅವಳದೇ. ಜೊತೆಗಿರುವುದು ಬೇರೆ, ಅಡಿಯಾಳಾಗಿರುವುದು ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಕಲ್ಯಾಣ ಎಂಬ ಮಾತಿಗೆ ಮಂಗಳ ಎಂಬ ಅರ್ಥವಿದೆ, ಮದುವೆ ಎಂಬ ಅರ್ಥವೂ ಇದೆ. ಈ ಊರು ಒಂದು ಮದುವೆಗಾಗಿ ನೆತ್ತರು ಸುರಿಸಿದ ಊರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಯಿತು. ಜಾತಿ ಮೀರಿದ ಈ ನಂಟಿಗಾಗಿ ಬಿಜ್ಜಳನ ಆಳಿಕೆಯಲ್ಲಿ ಹರಳಯ್ಯ, ಮಧುವರಸರನ್ನು ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿ ಕೊಂದರೆಂದು ಪರಂಪರೆ ಹೇಳುತ್ತದೆ. ಶರಣರು ಊರು ಬಿಟ್ಟು ಚದುರಿದರು. ಇಬ್ಬರು ಕೂಡಿ ಬಾಳುವುದಕ್ಕೆ ಎಷ್ಟು ಬೆಲೆ ತೆತ್ತಿದ್ದಾರೆ ಎಂಬುದನ್ನು ನೆನೆಯಲು ಅಲ್ಲಿಗಿಂತ ತಕ್ಕ ಜಾಗ ಯಾವುದಿದೆ?

ಶರಣರಿಗಿಂತ ಮೊದಲಿನ ಕಲ್ಯಾಣವನ್ನೂ ಮರೆಯುವಂತಿಲ್ಲ. 11ನೇ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಇದನ್ನು ಚಾಲುಕ್ಯರ ರಾಜಧಾನಿಯಾಗಿ ಬೆಳೆಸಿದ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ನಿಜವಾಗಿಯೂ ಕಾಶ್ಮೀರದಿಂದ ಬಂದವನು ಕವಿ ಬಿಲ್ಹಣ. ಅದೇ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಮುಂದೆ ಬ್ರಿಟಿಷರ ಕಾಲದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕುಟುಂಬದ ಆಸ್ತಿ ವ್ಯಾಜ್ಯಗಳಿಗೆ ಆಧಾರವಾಗಿ ಹಿಡಿದದ್ದು ಆ ಗ್ರಂಥವನ್ನೇ. ಸ್ತ್ರೀಧನ ಎಂದರೆ ಬರೀ ತವರಿನ ಒಡವೆಯಲ್ಲ, ಹೆಣ್ಣಿಗೆ ದಾಯದಿಂದಲೋ ಖರೀದಿಯಿಂದಲೋ ಬಂದದ್ದೂ ಸ್ತ್ರೀಧನವೇ ಎಂದು ಅದು ವಿಶಾಲ ಅರ್ಥ ಹೇಳಿತು.

ಇನ್ನು ಹೋಗುವ ಬಗೆ. ಬೀದರ್–ಕಲಬುರಗಿ ರೈಲುಮಾರ್ಗ 2017ರಲ್ಲಿ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ರೈಲಿನಲ್ಲೂ ಹೋಗಬಹುದು. ಅಲ್ಲಿಂದ ಬಸವಕಲ್ಯಾಣ ಸುಮಾರು 30 ಕಿ.ಮೀ. ಬೇಸಿಗೆ ಬೇಡ, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮಳೆಗಾಲ ಮುಗಿದ ಮೇಲೆ ಹೋದರೆ ತ್ರಿಪುರಾಂತಕ ಕೆರೆಯಲ್ಲಿ ನೀರಿರುತ್ತದೆ, ಹೊಲದಲ್ಲಿ ತೊಗರಿ ಹಸಿರಾಗಿರುತ್ತದೆ.

ಮೊದಲ ದಿನ ಬಸವಕಲ್ಯಾಣದಲ್ಲಿರಿ. ಕೋಟೆಯನ್ನು ನಿಧಾನವಾಗಿ ನೋಡಿ. ಅದರ ಈಗಿನ ರೂಪ ಬಹುಪಾಲು ಬಹಮನಿಗಳ ಮತ್ತು ಅನಂತರದ ಕಾಲದ್ದು. ಮಗ್ಗುಲಲ್ಲೇ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ ದೂರದಿಂದಲೇ ಕಾಣುತ್ತದೆ. ಅಕ್ಕನಾಗಮ್ಮನ ಗವಿಯನ್ನು ಹುಡುಕಿಕೊಂಡೇ ಹೋಗಬೇಕು, ತಪ್ಪಿಸಬೇಡಿ.

ಎರಡನೆಯ ದಿನ ಮೋಳಕೇರಾ ನೋಡಿಕೊಂಡು ಹುಮನಾಬಾದಿನ ಕಡೆ ತಿರುಗಿ. ಅದೇ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ. ಕನ್ನಡಿ ಹಿಡಿದ, ಕುಣಿಯುವ ಶಿಲಾಬಾಲಿಕೆಯರನ್ನು ಬೇಕಾದಷ್ಟು ಕಂಡಿದ್ದೇವೆ. ಬರೆಯುವ ಈಕೆಯ ಮುಂದೆ ತುಸು ಹೊತ್ತು ನಿಲ್ಲಬೇಕು. ಸಂಜೆಗೆ ಮಾಣಿಕನಗರ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಎಲ್ಲ ಮತಗಳೂ ತಮ್ಮವೇ ಎಂಬ ಸಕಲಮತ ಸಂಪ್ರದಾಯವನ್ನು ಕಟ್ಟಿದ ಜಾಗ ಅದು. ಹಿಂದೂಗಳೂ ಮುಸಲ್ಮಾನರೂ ಅವರಲ್ಲಿಗೆ ಬರುತ್ತಿದ್ದರು. ಸಂಗೀತಗಾರರಿಗೂ ಅದು ನೆಲೆ.

ಒಂದು ಮಾತು ಗಂಡಸರಿಗೆ. ಹೋಗುವಾಗ ಊರಿನ ಇತಿಹಾಸವನ್ನೆಲ್ಲ ನೀವೇ ವಿವರಿಸುತ್ತ ಹೋಗಬೇಡಿ. ರೊಟ್ಟಿ ಬುತ್ತಿ ಕಟ್ಟಿಕೊಡಲು ಮನೆಯವರನ್ನು ನಸುಕಿನಲ್ಲೇ ಎಬ್ಬಿಸಲೂ ಬೇಡಿ. ಎರಡು ದಿನ ಖಾನಾವಳಿಯಲ್ಲಿ ಉಂಡರೆ ಏನೂ ಕೆಡುವುದಿಲ್ಲ. ಕೆರೆಯ ದಂಡೆಯಲ್ಲಿ ಕುಳಿತಾಗ ‘ನಿನಗೇನು ಕಂಡಿತು?’ ಎಂದು ಕೇಳಿ. ಮೂವತ್ತು ವರ್ಷದಿಂದ ಹೇಳದೆ ಉಳಿದ ಮಾತೊಂದು ಹೊರಬಂದೀತು. ಅದು ನಿಮಗೆ ಹಿಡಿಸದ ಮಾತೇ ಆದರೂ ಪೂರ್ತಿ ಕೇಳಿ.

ಈ ಸಭೆಯಲ್ಲಿ ಜೊತೆ ಕಳೆದುಕೊಂಡವರೂ ಇದ್ದಾರೆ. ‘ಆಮೇಲೆ ಹೋಗೋಣ’ ಎಂಬ ಮಾತಿನ ಬೆಲೆ ಎಷ್ಟೆಂದು ಅವರು ನಮಗಿಂತ ಚೆನ್ನಾಗಿ ಬಲ್ಲರು. ಕಾಶ್ಮೀರಕ್ಕೂ ಹೋಗಿ, ಕಾಶಿಗೂ ಹೋಗಿ. ಆದರೆ ಇಬ್ಬರಿಗೂ ಕಾಲು ಗಟ್ಟಿಯಿರುವಾಗ, ಬರುವ ದೀಪಾವಳಿಯ ಸುಮಾರಿಗೆ, ಕಲ್ಯಾಣದ ಬಸ್ಸು ಹಿಡಿಯಿರಿ.