ಪಾಸ್‌ಪೋರ್ಟಿನಲ್ಲಿ ನಾವು ಓದದ ಮೂರಕ್ಷರ



ಮಕ್ಕಳನ್ನು ಗಲ್ಫಿಗೆ ಕಳುಹಿಸುವಾಗ ನಾವು ವೀಸಾದ ದರವನ್ನು ಹತ್ತು ಮಂದಿಯಲ್ಲಿ ವಿಚಾರಿಸುತ್ತೇವೆ. ಪಾಸ್‌ಪೋರ್ಟಿನೊಳಗೆ ಮುದ್ರಿತವಾಗಿರುವುದನ್ನು ಮಾತ್ರ ಓದುವುದಿಲ್ಲ. ಅದರಲ್ಲಿ ‘ಇ.ಸಿ.ಆರ್.’ ಎಂದಿದ್ದರೆ ಸೌದಿ, ಕುವೈತ್, ಕತರ್, ಯು.ಎ.ಇ. ಮುಂತಾದ ದೇಶಗಳಿಗೆ ಉದ್ಯೋಗಕ್ಕೆ ಹೊರಡುವವನು 1983ರ ವಲಸೆ ಕಾಯ್ದೆಯಂತೆ ಸರಕಾರದ ಅನುಮತಿ ಪಡೆಯಬೇಕು. ಹತ್ತನೆಯ ತರಗತಿ ತೇರ್ಗಡೆಯಾದವನಿಗೆ ಈ ನಿರ್ಬಂಧವಿಲ್ಲ. ‘ಹೇಗೂ ಗಲ್ಫಿಗೆ ಹೋಗುವವನಲ್ಲವೇ’ ಎಂದು ಎಂಟನೆಯ ತರಗತಿಗೇ ಶಾಲೆ ಬಿಡಿಸುವ ನಮ್ಮ ವಾಡಿಕೆಯ ಫಲ ಆ ಮೂರಕ್ಷರಗಳಲ್ಲಿದೆ. ನಾವೂ ಮದ್ರಸಾದಲ್ಲಿ ಕಲಿತವರೇ. ಮದ್ರಸಾದ ಸನದನ್ನು ಹಳಿಯಲು ಈ ಮಾತನ್ನಾಡುತ್ತಿಲ್ಲ.

ಅನುಮತಿಯ ಅಲೆದಾಟ ತಪ್ಪಿಸಲು ಏಜೆಂಟರು ವಿಸಿಟ್ ವೀಸಾದ ಅಡ್ಡದಾರಿ ತೋರಿಸುತ್ತಾರೆ. ಕ್ರಮಬದ್ಧವಾಗಿ ಹೋಗುವವನಿಗೆ ಉದ್ಯೋಗದ ಕರಾರುಪತ್ರವಿರುತ್ತದೆ, ಹತ್ತು ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯಿರುತ್ತದೆ. ಅಡ್ಡದಾರಿಯಲ್ಲಿ ಹೋದವನು ಕಟ್ಟಡದಿಂದ ಬಿದ್ದರೆ ಮನೆಯವರಲ್ಲಿ ಉಳಿಯುವುದು ಏಜೆಂಟನ ಮೊಬೈಲ್ ನಂಬರು. ಅದೂ ಸ್ವಿಚ್ ಆಫ್.

ಕಫೀಲನು ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದನ್ನೂ ನಾವು ಮಾಮೂಲೆಂದು ಒಪ್ಪಿಬಿಟ್ಟಿದ್ದೇವೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಅದು ಭಾರತ ಸರಕಾರದ ಸೊತ್ತು. ಧಣಿಯ ಪೆಟ್ಟಿಗೆಯಲ್ಲಿ ಒತ್ತೆಯಿಡುವ ವಸ್ತುವಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸಿದ ಕುರ್‌ಆನನ್ನು ನಿತ್ಯ ಪಾರಾಯಣ ಮಾಡುವ ನಾವು, ಬದುಕಿನ ಕರಾರುಪತ್ರಕ್ಕೆ ಓದದೆಯೇ ಸಹಿ ಹಾಕುತ್ತಿದ್ದೇವೆ.

ಹೊರಡುವ ಮುನ್ನ ಪಾಸ್‌ಪೋರ್ಟ್, ವೀಸಾ, ಕರಾರುಪತ್ರ ಇವುಗಳ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟು ಹೋಗಲಿ. ಮಗನ ಫೋನು ನಿಂತ ದಿನ ರಾಯಭಾರ ಕಚೇರಿಗೆ ಮೊರೆಯಿಡಲು ಆಕೆಗೆ ಬೇಕಾಗುವುದು ಆ ಪಾಸ್‌ಪೋರ್ಟಿನ ಸಂಖ್ಯೆ.